ಹಣ್ಣು ಕಣಕಕ್ಕಲ್ಲ, ಹೂರಣಕ್ಕೆ

ಅಂಟು ಅಕ್ಕಿಹಿಟ್ಟಿನ ಕಣಕದಿಂದಾಗುವ ಜಪಾನಿನ ಸಿಹಿತಿಂಡಿ ಮೋಚಿಯನ್ನು ಮನೆಯಲ್ಲೇ ಮಾಡಿ ಅದಕ್ಕೆ ಹಣ್ಣಿನ ರುಚಿ ತರಬೇಕೆಂದವರಿಗೆ ಮೊದಲು ಹೊಳೆಯುವ ಉಪಾಯ ಒಂದೇ: ನೀರಿನ ಬದಲು ಸ್ಟ್ರಾಬೆರಿ ರಸವನ್ನೋ ಮಾವಿನ ತಿರುಳನ್ನೋ ಹಿಟ್ಟಿಗೆ ಬೆರೆಸಿ ಬೇಯಿಸಿಬಿಡುವುದು. ಬಣ್ಣವೇನೋ ಕಣ್ಣಿಗೆ ಹಬ್ಬವಾಗಿ ಬರುತ್ತದೆ. ರುಚಿ ಮಾತ್ರ ಬರುವುದಿಲ್ಲ, ಎಷ್ಟೋ ಸಲ ಹದವೂ ಕೈಕೊಡುತ್ತದೆ. ಜಪಾನಿನ ಸಿಹಿತಿಂಡಿಯ ಕಸುಬುದಾರರು ಹಣ್ಣನ್ನು ಇಡಿಯಾಗಿ ಒಳಗಿಟ್ಟು, ಹೊರಗಿನ ಕಣಕವನ್ನು ಬೆಳ್ಳಗೆ, ಹೆಚ್ಚುಕಡಿಮೆ ಸಪ್ಪೆಯಾಗಿಯೇ ಉಳಿಸಿಕೊಂಡರು. ಇದು ಬರೀ ಅಂದಚೆಂದದ ಮಾತಲ್ಲ. ಅಕ್ಕಿಯ ಗುಣ, ಹಣ್ಣಿನ ಗುಣ ಎರಡನ್ನೂ ಅರಿತವರ ನಿರ್ಧಾರ ಅದು. ಮನೆಯ ಅಡುಗೆಗೂ ಅದೇ ಸರಿಯಾದ ದಾರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲು ಅಕ್ಕಿಯ ವಿಚಾರ. ನಾವು ದಿನಬಳಕೆಗೆ ತರುವ ಸೋನಾ ಮಸೂರಿಯ ಪಿಷ್ಟದಲ್ಲಿ ಅಮೈಲೋಸ್, ಅಮೈಲೋಪೆಕ್ಟಿನ್ ಎಂಬ ಎರಡು ಬಗೆಯ ಸರಪಳಿಗಳಿವೆ. ನೀಳವಾದ ಅಮೈಲೋಸ್ ಬೆಂದು ಆರಿದಾಗ ಬಿಗಿದುಕೊಳ್ಳುತ್ತದೆ. ನಮ್ಮ ಅಕ್ಕಿ ಕಡುಬು ಎಳೆದರೆ ಹಿಗ್ಗದೆ ಮುರಿಯುವುದು ಇದರಿಂದಲೇ. ಮೋಚಿಗೆ ಬಳಸುವ ಮೋಚಿಗೊಮೆ ಎಂಬ ಅಂಟು ಅಕ್ಕಿಯಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ. ಇರುವುದೆಲ್ಲ ಕವಲೊಡೆದ ಅಮೈಲೋಪೆಕ್ಟಿನ್. ಎಳೆದಷ್ಟೂ ಹಿಗ್ಗುವ ಗುಣ ಅದರದು. ಅಂಟು ಎಂದ ಮಾತ್ರಕ್ಕೆ ಗೋಧಿಯಲ್ಲಿರುವ ಗ್ಲುಟೆನ್ ಇದರಲ್ಲಿದೆ ಎಂದುಕೊಳ್ಳಬೇಕಿಲ್ಲ. ಅಸ್ಸಾಮಿನಲ್ಲಿ ಪಿಠಾ ಮಾಡುವ ಬೋರಾ ಅಕ್ಕಿಯೂ ಇದೇ ಜಾತಿಯದು. ಹಾಗಾಗಿ ಮನೆಯ ಡಬ್ಬಿಯಲ್ಲಿರುವ ಅಕ್ಕಿಹಿಟ್ಟಿನಿಂದ ಮೋಚಿ ಆಗುವುದಿಲ್ಲ. ಶಿರಾತಮಾಕೊ ಎಂಬ ಹಿಟ್ಟು ಸಿಕ್ಕರೆ ಬಹಳ ಒಳ್ಳೆಯದು. ಅಂಟು ಅಕ್ಕಿಯನ್ನು ನೆನೆಹಾಕಿ, ನೀರು ಬೆರೆಸಿ ರುಬ್ಬಿ, ತಳದಲ್ಲಿ ಇಳಿದದ್ದನ್ನು ಒಣಗಿಸಿದ ಹಿಟ್ಟು ಅದು. ತರಿತರಿಯಾಗಿದ್ದರೂ ನೀರು ಬಿದ್ದೊಡನೆ ಕರಗುತ್ತದೆ.

ಈ ಹಿಟ್ಟಿಗೆ ಹಣ್ಣಿನ ರಸ ಸೇರಿದರೆ ಆಗುವುದೇನು? ಸ್ಟ್ರಾಬೆರಿ, ಕಿತ್ತಳೆ, ಅನಾನಸ್ ಎಲ್ಲವೂ ಹುಳಿ ಹಣ್ಣುಗಳು. ಹುಳಿ ಮತ್ತು ಬಿಸಿ ಜೊತೆಯಾದರೆ ಪಿಷ್ಟದ ಸರಪಳಿಗಳು ಕಡಿಯತೊಡಗುತ್ತವೆ, ಕಣಕ ಜಾಳಾಗುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಪರಿಮಳದ್ದು. ಹಣ್ಣಿನ ತಾಜಾ ವಾಸನೆ ಇರುವುದು ಸುಲಭವಾಗಿ ಹಾರಿಹೋಗುವ ಸೂಕ್ಷ್ಮ ಅಂಶಗಳಲ್ಲಿ. ಆವಿಯೊಡನೆ ಅವು ಹೊರಟವೆಂದರೆ ಉಳಿಯುವುದು ಜಾಮಿನ ರುಚಿ. ಇನ್ನಷ್ಟು ರುಚಿಗಾಗಿ ರಸ ಹೆಚ್ಚಿಸಿದರೆ ನೀರಿನ ಅಳತೆ ತಪ್ಪುತ್ತದೆ. ಇದಕ್ಕೂ ಅಪವಾದಗಳಿವೆ. ಯುಜು ಎಂಬ ಜಪಾನಿನ ನಿಂಬೆಜಾತಿಯ ಹಣ್ಣಿನ ಸಿಪ್ಪೆಯನ್ನು ಒಂದು ಚಿಟಿಕೆ ತುರಿದು ಹಾಕಿದರೂ ಘಮ್ಮೆನ್ನುತ್ತದೆ, ಅದರ ಪರಿಮಳ ಸಿಪ್ಪೆಯ ಎಣ್ಣೆಯಲ್ಲಿರುವುದರಿಂದ. ನೀರಿನಂಶ ತೆಗೆದ ಹಣ್ಣಿನ ಪುಡಿಯನ್ನು ಬೆಂದ ಮೇಲೆ ಬೆರೆಸುವುದೂ ಆದೀತು. ಎರಡರಲ್ಲೂ ಹಸಿ ರಸ ಕುದಿಯುವ ಪ್ರಶ್ನೆ ಇಲ್ಲ ಎಂಬುದನ್ನು ಗಮನಿಸಬೇಕು.

ಇಡೀ ಹಣ್ಣನ್ನು ಒಳಗಿಡುವ ಕ್ರಮ ತೀರಾ ಪುರಾತನವೇನಲ್ಲ. ಕೆಂಪು ಅಜುಕಿ ಕಾಳಿನ ಸಿಹಿ ಹೂರಣವಿರುವ ದೈಫುಕು ಎಂಬ ಮೋಚಿ ಹಳೆಯ ಎದೊ ಕಾಲದ್ದು. ಅದರೊಳಗೆ ಸ್ಟ್ರಾಬೆರಿ ಸೇರಿ 'ಇಚಿಗೊ ದೈಫುಕು' ಆದದ್ದು 1980ರ ದಶಕದಲ್ಲಿ. ಅದನ್ನು ಮೊದಲು ಮಾಡಿದವರು ನಾವೇ ಎನ್ನುವ ಅಂಗಡಿಗಳು ಜಪಾನಿನಲ್ಲಿ ಒಂದಲ್ಲ, ಹಲವಿವೆ. ಇಷ್ಟು ಹೊಸದನ್ನು ಸಂಪ್ರದಾಯ ಎನ್ನಬಹುದೇ ಎಂದು ಕೇಳುವವರಿದ್ದಾರೆ. ಹೂರಣದ ಗಾಢ ಸಿಹಿಗೆ ಹಣ್ಣಿನ ಹುಳಿ, ಮೆತ್ತನೆಯ ಕಣಕಕ್ಕೆ ಹಣ್ಣಿನ ರಸಭರಿತ ತಿರುಳು, ಎಲ್ಲವೂ ಒಂದೇ ತುತ್ತಿನಲ್ಲಿ ಬೇರೆಬೇರೆಯಾಗಿ ನಾಲಿಗೆಗೆ ತಿಳಿಯುತ್ತವೆ. ಆ ಜೋಡಿ ಅಷ್ಟು ಬೇಗ ಮನೆಮಾತಾದದ್ದು ಅದಕ್ಕೇ. ವಯಸ್ಸನ್ನು ಕೇಳಬೇಕಾದ ಅಗತ್ಯ ನನಗೆ ಕಾಣುವುದಿಲ್ಲ.

ಮಾಡುವ ಬಗೆ ಕಷ್ಟದ್ದಲ್ಲ. 100 ಗ್ರಾಂ ಶಿರಾತಮಾಕೊಗೆ ಸುಮಾರು 130 ಮಿಲಿ ನೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಗಂಟಿಲ್ಲದಂತೆ ಕಲಸಿ, 45 ಗ್ರಾಂ ಸಕ್ಕರೆ ಬೆರೆಸಿ, ಕಾಲು ಗಂಟೆ ಹಬೆಯಲ್ಲಿ ಬೇಯಿಸಬೇಕು, ನಡುವೆ ಒಮ್ಮೆ ಒದ್ದೆ ಸೌಟಿನಿಂದ ಮಗುಚಬೇಕು. ಸುಣ್ಣದಂಥ ಬಿಳುಪು ಹೋಗಿ ಹೊಳಪು ಬಂದು, ಬೆಳಕು ತುಸು ತೂರುವಂತಾದರೆ ಬೆಂದಿದೆ ಎಂದರ್ಥ. ತಟ್ಟೆಗೆ ಆಲೂಗಡ್ಡೆ ಪಿಷ್ಟವನ್ನು ಧಾರಾಳವಾಗಿ ಉದುರಿಸಿ, ಬಿಸಿ ಇರುವಾಗಲೇ ಅದರ ಮೇಲೆ ಸುರಿದು ಆರು ಭಾಗ ಮಾಡಿಕೊಳ್ಳಬೇಕು. ಸ್ಟ್ರಾಬೆರಿಯನ್ನು ತೊಳೆದು, ತೊಟ್ಟು ತೆಗೆದು, ಬಟ್ಟೆಯಲ್ಲಿ ಚೆನ್ನಾಗಿ ಒರೆಸಿರಬೇಕು. ತೇವ ಉಳಿದರೆ ಹೂರಣ ಜಾರುತ್ತದೆ. ಹಣ್ಣಿನ ಸುತ್ತ 20 ಗ್ರಾಂನಷ್ಟು ಹೂರಣ ಮೆತ್ತಿ, ಹಣ್ಣಿನ ಚೂಪು ತುದಿ ಕೆಳಗಾಗುವಂತೆ ಕಣಕದ ನಡುವೆ ಇಟ್ಟು, ಅಂಚನ್ನು ಮೇಲೆಳೆದು ತೊಟ್ಟಿದ್ದ ಕಡೆ ಚಿವುಟಿ ಮುಚ್ಚಿ, ಬೋರಲು ಹಾಕಿದರಾಯಿತು. ದ್ರಾಕ್ಷಿ, ಕಿತ್ತಳೆ ತೊಳೆ, ಕಿವಿ ಹಣ್ಣಿಗೆ ಬಿಳಿ ಕಾಳಿನ ಹೂರಣ ಹೆಚ್ಚು ಒಪ್ಪುತ್ತದೆ. ಕಿವಿ, ಅನಾನಸ್ ಜೆಲಾಟಿನನ್ನು ಕರಗಿಸುತ್ತವೆಂಬ ಭಯ ಇಲ್ಲಿ ಬೇಡ. ಅವುಗಳ ಕಿಣ್ವ ಒಡೆಯುವುದು ಪ್ರೋಟೀನನ್ನು, ಪಿಷ್ಟವನ್ನಲ್ಲ.

ಹೂರಣದ ಸಕ್ಕರೆ ಹಣ್ಣಿನಿಂದ ನೀರು ಎಳೆಯುತ್ತದೆ, ಮರುದಿನಕ್ಕೆ ಎಲ್ಲ ಒದ್ದೆ ಎಂಬ ಆಕ್ಷೇಪ ನಿಜ. ಮಾಡಿದ ದಿನವೇ ತಿನ್ನುವುದೊಂದೇ ಅದಕ್ಕೆ ಪರಿಹಾರ. ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಇನ್ನೂ ಬೇಗ ಗಟ್ಟಿಯಾಗುತ್ತದೆ. ಸಕ್ಕರೆ ಅದನ್ನು ತಡೆಯುತ್ತದಾದ್ದರಿಂದ ಹೇಳಿದ ಅಳತೆಯನ್ನು ಕಡಿಮೆ ಮಾಡಬಾರದು. ಹಾಗಾದರೆ ಅಂಗಡಿಯ ಮಾವಿನ ಮೋಚಿ ತಿಂಗಳುಗಟ್ಟಲೆ ಮೆತ್ತಗೆ ಹೇಗಿರುತ್ತದೆ ಎಂದರೆ, ಅದು ಸಿರಪ್ಪಿನ ಕೆಲಸ. ದೂರ ಸಾಗಬೇಕಾದ ಸರಕಿಗೆ ಅದು ಬೇಕು, ಮನೆಯಲ್ಲಿ ಆ ಹಂಗೇಕೆ? ಇನ್ನು ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವನ್ನು ಹಗುರವಾಗಿ ಕಾಣುವಂತಿಲ್ಲ. ಜಪಾನಿನಲ್ಲಿ ಹೊಸ ವರ್ಷದ ಹೊತ್ತಿಗೆ ಮೋಚಿ ಸಿಕ್ಕಿಕೊಂಡು ವಯಸ್ಸಾದವರು ಸಾಯುವ ಸುದ್ದಿ ವರ್ಷವೂ ಬರುತ್ತದೆ, ಅಗ್ನಿಶಾಮಕ ಇಲಾಖೆ ಎಚ್ಚರಿಸುತ್ತಲೇ ಇರುತ್ತದೆ. ತೀರಾ ಎಳೆಯ ಮಕ್ಕಳಿಗೆ ಇದನ್ನು ಕೊಡಲೇಬಾರದು. ಹಿರಿಯರಿಗೆ ಚಿಕ್ಕ ಚೂರು ಮಾಡಿ, ಪಕ್ಕದಲ್ಲಿ ಬಿಸಿ ಚಹಾ ಇಟ್ಟು, ನಿಧಾನವಾಗಿ ಅಗಿದು ತಿನ್ನಲು ಹೇಳಬೇಕು. ಚಾಕುವಿಗೆ ಕಣಕ ಅಂಟಿ ಹಣ್ಣು ಜಜ್ಜಿಹೋಗುವುದರಿಂದ, ಶುಭ್ರವಾದ ದಾರವನ್ನು ಮೋಚಿಯ ಸುತ್ತ ತಂದು ಎರಡು ತುದಿಗಳನ್ನೂ ಅಡ್ಡ ಎಳೆದು ಕತ್ತರಿಸುವುದು ಸುಲಭ.