ಡಾಕ್ಟರ ಸಹಿಯ ಮೇಲೊಂದು ಸೀಲು

ಅಮ್ಮನ ನಿದ್ದೆ ಮಾತ್ರೆಯ ಚೀಟಿಗೆ ಎಂಟು ತಿಂಗಳಾಗಿತ್ತು. ಮಡಚಿ ಮಡಚಿ ನಾಲ್ಕು ತುಂಡಾಗುವ ಹಂತಕ್ಕೆ ಬಂದಿದ್ದ ಅದನ್ನೇ ತೋರಿಸಿ ಬೆಂಗಳೂರಿನ ಮೂರು ಮೆಡಿಕಲ್ ಸ್ಟೋರ್‌ಗಳಲ್ಲಿ ಆಲ್‌ಪ್ರಜೊಲಾಮ್ ತಂದಿದ್ದೆ. ಒಂದು ಕಡೆಯಂತೂ ಬಿಚ್ಚಿಯೂ ನೋಡಿರಲಿಲ್ಲ. ಕಳೆದ ತಿಂಗಳು ಅರಸೀಕೆರೆಯ ಹಳೇ ಅಂಗಡಿಯೊಂದರಲ್ಲಿ ಬಿಳಿ ಕೋಟಿನ ಹಿರಿಯರೊಬ್ಬರು ಅದನ್ನು ಗಾಜಿನ ಕೌಂಟರಿನ ಮೇಲೆ ಹರಡಿ, ಹಿಂದೆ ಮುಂದೆ ತಿರುಗಿಸಿ, ನನ್ನ ಕೈಗೇ ವಾಪಸು ಕೊಟ್ಟರು.

"ಇದರ ಆಯಸ್ಸು ಮುಗೀತಮ್ಮ. ಹೊಸದು ಬರೆಸ್ಕೊಂಡು ಬನ್ನಿ."

"ಇದೇ ಚೀಟಿಗೆ ಎಲ್ಲಾರೂ ಕೊಡ್ತಾರಲ್ಲ ಸರ್?"

"ಕೊಡ್ತಾರೆ. ಕೊಟ್ಟೋರು ಯಾರಾದ್ರೂ ಸೀಲು ಒತ್ತಿದ್ದಾರಾ, ತೋರಿಸಿ."

ಒತ್ತಿರಲಿಲ್ಲ. ಒತ್ತಬೇಕು ಅನ್ನುವುದೇ ನನಗೆ ಹೊಸ ಸುದ್ದಿ. ಮನೆಯಲ್ಲಿ ಎಷ್ಟು ಮಾತ್ರೆ ಉಳಿದಿದೆ ಎಂದು ವಿಚಾರಿಸಿದರು. ನಾಲ್ಕು ಅಂದೆ. "ಹಾಗಾದ್ರೆ ನಾಳೆಯೇ ಡಾಕ್ಟರನ್ನ ನೋಡಿ. ಈ ಮಾತ್ರೆ ಒಮ್ಮೆಗೇ ನಿಲ್ಲಿಸಬಾರದು."

ಅವರು ಹೇಳಿದ್ದು 1945ರ ಔಷಧ ನಿಯಮಗಳಲ್ಲಿ, 65ನೇ ನಿಯಮದಲ್ಲಿ ಇದೆ. ಡಾಕ್ಟರು ಬರೆದು ಹೇಳದಿದ್ದರೆ ಒಂದು ಚೀಟಿಗೆ ಒಂದೇ ಸಲ ಔಷಧ. ಕೊಟ್ಟಾಗ ಡಾಕ್ಟರ ಸಹಿಯ ಮೇಲ್ಭಾಗದಲ್ಲಿ ಅಂಗಡಿಯ ಹೆಸರು, ವಿಳಾಸ, ತಾರೀಕು ನಮೂದಿಸಬೇಕು. ಮನೆಗೆ ಬಂದವಳೇ ಬಿಸ್ಕತ್ತಿನ ಡಬ್ಬದಲ್ಲಿದ್ದ ಚೀಟಿಗಳನ್ನೆಲ್ಲ ಹಾಸಿಗೆಯ ಮೇಲೆ ಸುರಿದೆ. ಇಪ್ಪತ್ಮೂರು ಚೀಟಿ, ಒಂದಕ್ಕೂ ಸೀಲಿಲ್ಲ. ನಾಳೆ ಏನಾದರೂ ಎಡವಟ್ಟಾದರೆ ಆ ಮಾತ್ರೆ ಕೊಟ್ಟವರು ಯಾರು ಅನ್ನುವುದಕ್ಕೆ ನನ್ನ ಬಳಿ ಕುರುಹೇ ಇಲ್ಲ. ಬಿಲ್ಲು ಕೇಳುವ ಅಭ್ಯಾಸವಂತೂ ನನಗೆ ಮೊದಲೇ ಇಲ್ಲ.

ಅಂದು ರಾತ್ರಿ ಕೆದಕಿದ ಪತ್ರಿಕಾ ತುಣುಕುಗಳಲ್ಲಿ ಸಿಕ್ಕ ಇಂಗ್ಲೆಂಡಿನ ಪ್ರಕರಣವೊಂದು ಇನ್ನೂ ತಲೆ ಬಿಟ್ಟು ಹೋಗಿಲ್ಲ. ಎದೆಯ ಸೋಂಕಿಗೆ ಡಾಕ್ಟರು ಬರೆದದ್ದು ಅಮಾಕ್ಸಿಲ್. ಫಾರ್ಮಸಿಸ್ಟ್ ಓದಿಕೊಂಡದ್ದು ಡಯೋನಿಲ್. ನಮ್ಮಲ್ಲಿ ಅನೇಕರ ಮನೆಯಲ್ಲಿರುವ ಅದೇ ಸಕ್ಕರೆ ಮಾತ್ರೆ. ಸಕ್ಕರೆ ಕಾಯಿಲೆಯೇ ಇಲ್ಲದ ರೋಗಿಯ ರಕ್ತದಲ್ಲಿ ಸಕ್ಕರೆ ಕುಸಿದು ಮಿದುಳಿಗೆ ಶಾಶ್ವತ ಪೆಟ್ಟು ಬಿತ್ತು. ಕಾಗೆ ಕಾಲಿನ ಅಕ್ಷರ ಡಾಕ್ಟರದ್ದು, ಹಾಗಾಗಿ ತಪ್ಪೂ ಅವರದ್ದೇ ಅಂತ ನಾನು ತೀರ್ಮಾನಿಸಿಬಿಟ್ಟಿದ್ದೆ. 1989ರಲ್ಲಿ ಅಪೀಲು ನ್ಯಾಯಾಲಯ ಎತ್ತಿಹಿಡಿದ ಲೆಕ್ಕವೇ ಬೇರೆ: ಡಾಕ್ಟರಿಗೆ ಶೇ 25, ಫಾರ್ಮಸಿಸ್ಟ್‌ಗೆ ಶೇ 75.

ಯಾಕೆಂದರೆ ಅಕ್ಷರ ಕೈಕೊಟ್ಟರೂ ಅಂಕಿಗಳು ಕೂಗಿ ಹೇಳುತ್ತಿದ್ದವು. ಚೀಟಿಯಲ್ಲಿದ್ದದ್ದು 250 ಮಿಲಿಗ್ರಾಂ. ಡಯೋನಿಲ್ ಬರುತ್ತಿದ್ದದ್ದು 5 ಮಿಲಿಗ್ರಾಂನಲ್ಲಿ. ದಿನಕ್ಕೆ ಮೂರರಂತೆ ವಾರಕ್ಕೆ 21 ಮಾತ್ರೆ. ಸಕ್ಕರೆ ಮಾತ್ರೆಯನ್ನು ಹಾಗೆ ಯಾರು ಬರೆಯುತ್ತಾರೆ? ನನಗೆ ಹೆಚ್ಚು ಇಷ್ಟವಾದದ್ದು ಕೊನೆಯ ಸುಳಿವು. ಅಲ್ಲಿ ಸಕ್ಕರೆ ರೋಗಿಗಳಿಗೆ ಔಷಧ ಪುಕ್ಕಟೆ. ಈ ಮನುಷ್ಯ ದುಡ್ಡು ಕೊಟ್ಟ, ಕೌಂಟರಿನವರು ಎಣಿಸಿಕೊಂಡರು. ದುಡ್ಡು ಎಣಿಸುವಾಗಲೂ ಅನುಮಾನ ಬರಲಿಲ್ಲ!

ಆ ತೀರ್ಪು ಇಲ್ಲಿಯ ಕಾನೂನಲ್ಲ, ನಿಜ. ಇಲ್ಲಿ 1940ರ ಔಷಧ ಕಾಯ್ದೆ, 1948ರ ಫಾರ್ಮಸಿ ಕಾಯ್ದೆ ಇವೆ. ಪರಿಹಾರ ಕೇಳಲು ಗ್ರಾಹಕರ ಆಯೋಗವಿದೆ. ಚೀಟಿಯ ಔಷಧವನ್ನು ನೋಂದಾಯಿತ ಫಾರ್ಮಸಿಸ್ಟ್ ತಾನೇ ಕೊಡಬೇಕು, ಇಲ್ಲವೇ ಎದುರಿಗೆ ನಿಂತು ಕೊಡಿಸಬೇಕು. "ಅದೇ ಮಾತ್ರೆ ಮೇಡಂ, ಕಂಪನಿ ಬೇರೆ ಅಷ್ಟೇ" ಅನ್ನುತ್ತಾರಲ್ಲ, ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧಗಳಲ್ಲಿ ಅದಕ್ಕೂ ಅವಕಾಶವಿಲ್ಲ. ನಿಯಮ ಮುರಿದು ಮಾರಿದರೆ ಒಂದರಿಂದ ಎರಡು ವರ್ಷದವರೆಗೆ ಜೈಲು, 20,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. 2023ರ ಜನ ವಿಶ್ವಾಸ ಕಾಯ್ದೆ ಇದನ್ನು ಹಣ ಕಟ್ಟಿ ರಾಜಿಯಾಗಬಹುದಾದ ಅಪರಾಧಗಳ ಸಾಲಿಗೆ ಸೇರಿಸಿತು. ಯಾರ ವಿಶ್ವಾಸ ಗಳಿಸಲೋ!

ಕಂಪನಿಯಿಂದಲೇ ಕಳಪೆ ಮಾಲು ಬಂದಿದ್ದರೆ ಅಂಗಡಿಯವರಿಗೆ ರಕ್ಷಣೆಯುಂಟು. ಲೈಸೆನ್ಸ್ ಇದ್ದವರಿಂದಲೇ ಕೊಂಡದ್ದು, ಸರಿಯಾಗಿಯೇ ಇಟ್ಟದ್ದು, ಎಚ್ಚರ ವಹಿಸಿದರೂ ದೋಷ ಗೊತ್ತಾಗಲಿಲ್ಲ ಎಂದು ತೋರಿಸಿಕೊಟ್ಟರೆ ಸಾಕು. ತಪ್ಪು ಮಾತ್ರೆ ಎತ್ತಿಕೊಟ್ಟವರಿಗೆ ಆ ಖರೀದಿ ಬಿಲ್ಲು ಆಸರೆಯಾಗದು. ಫಾರ್ಮಸಿಸ್ಟ್ ಸರ್ಟಿಫಿಕೇಟನ್ನು ಅಂಗಡಿಗೆ ಬಾಡಿಗೆಗೆ ಕೊಟ್ಟು ಇನ್ನೆಲ್ಲೋ ನೌಕರಿ ಮಾಡುವವರಿಗೆ ಇದು ಹೊಳೆದಿದೆಯೋ ಇಲ್ಲವೋ. ಗೋಡೆಯ ಮೇಲೆ ಅವರ ಫೋಟೊ, ಕೌಂಟರಿನಲ್ಲಿ ಪಿಯುಸಿ ಹುಡುಗ.

ಮಾರನೇ ದಿನ ಹೊಸ ಚೀಟಿ ಹಿಡಿದು ಹೋದೆ. ಹಿರಿಯರು ಉದ್ದನೆಯ ರಿಜಿಸ್ಟರ್ ತೆಗೆದರು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಔಷಧಗಳಿಗೆಂದೇ ಇಟ್ಟದ್ದು. ಮೂರು ವರ್ಷ ಕಾಪಾಡಬೇಕು. ಡಾಕ್ಟರ ಹೆಸರು, ವಿಳಾಸ, ಅಮ್ಮನ ಹೆಸರು, ವಿಳಾಸ, ಮಾತ್ರೆ, ಹತ್ತು. ಇಂಕ್ ಪ್ಯಾಡಿಗೆ ಸೀಲು ಒತ್ತಿ ಎತ್ತಿದವರು ಹಾಗೇ ತಡೆದರು. ಡಾಕ್ಟರು ಕೊನೆಯ ಔಷಧಕ್ಕೆ ಅಂಟಿಸಿಯೇ ಸಹಿ ಹಾಕಿದ್ದರು, ಮೇಲೆ ಜಾಗವಿರಲಿಲ್ಲ. ಸೀಲು ಕೆಳಗಿಟ್ಟು, ಕನ್ನಡಕ ಮೇಲೇರಿಸಿ, ಆ ಸಂದಿಯಲ್ಲಿ ಪೆನ್ನಿನಿಂದ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಅಂಗಡಿಯ ಹೆಸರು, ವಿಳಾಸ, ತಾರೀಕು ಬರೆದರು. ಹಿಂದೆ ನಿಂತಿದ್ದವರು ಗೊಣಗತೊಡಗಿದರು.

ನಾನು ದುಡ್ಡು ಕೊಟ್ಟು ಹೊರಡುವಾಗ ಕರೆದರು.

"ಅಮ್ಮ ರಾತ್ರಿ ಬಚ್ಚಲಿಗೆ ಏಳ್ತಾರಾ? ಲೈಟ್ ಸ್ವಿಚ್ಚು ಮಂಚದ ಹತ್ರ ಇದೆಯಾ? ಇದನ್ನ ತಗೊಂಡ ವಯಸ್ಸಾದೋರು ತೂರಾಡಿ ಬೀಳ್ತಾರೆ."

ಸ್ವಿಚ್ಚು ಬಾಗಿಲ ಹಿಂದಿದೆ.