ಮೀನಂಗಡಿಯ ಕಾಕಾ

ಸೆಕೆಂಡ್ ಪಿಯುಸಿ ಇಂಗ್ಲಿಷಿನಲ್ಲಿ ಡುಮ್ಕಿ. ಅಪ್ಪ ಬೈದರು, ನಾನೂ ತಿರುಗಿ ಬೈದೆ. ಸಿಂಧನೂರು ಬಿಟ್ಟ ಬೈಕು ನಿಂತದ್ದು ಆರ್.ಎಚ್. ಕ್ಯಾಂಪಿನ ಮೀನಂಗಡಿ ಮುಂದೆ. ‘ಉಂಡೀಯೇನು?’ ಅಂದವರು ಐವತ್ತು ದಾಟಿದ ಬಂಗಾಳಿ ಕಾಕಾ. (ಚಿಕ್ಕಪ್ಪನಿಗೆ ಅವರಲ್ಲೂ ಕಾಕಾ, ನಮ್ಮ ಕಡೆಯೂ ಕಾಕಾ!) ನಮ್ಮ ಮನೆಯಲ್ಲಿ ಮೀನು ಮುಟ್ಟಲ್ಲ. ಅದಕ್ಕೇ ಎರಡು ಸಲ ಹಾಕಿಸಿಕೊಂಡು ಉಂಡೆ.

ಆಮೇಲೆ ದಿನಾ ಅಲ್ಲೇ. ನಾನು ಅಪ್ಪನ ಮೇಲಿನ ಸಿಟ್ಟು ಕಾರುತ್ತಿದ್ದರೆ ಕಾಕಾ ರೋಹುವಿನ ಪೊರೆ ಕೆರೆಯುತ್ತಾ ‘ಹೂಂ’ ಅನ್ನೋರು. ಬುದ್ಧಿ ಹೇಳದ ಹಿರಿಯರನ್ನು ನೋಡಿದ್ದು ಅದೇ ಮೊದಲು.

ಒಂದು ದಿನ ‘ಇನ್ನು ಓದಲ್ಲ’ ಅಂತ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರದ ಫೈಲನ್ನೇ ಕಾಲುವೆಗೆ ಎಸೆಯಹೊರಟೆ. ಕಾಕಾ ಗದರಿ ಕಿತ್ತುಕೊಂಡರು. ಒಳಗಿಂದ ಪ್ಲಾಸ್ಟಿಕ್ ಕವರೊಂದನ್ನು ತಂದರು. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಅವರಪ್ಪನ ಪುನರ್ವಸತಿ ಕಾಗದ. ದಿನಾ ಓಡಾಡುವ ಊರಿನ ಹೆಸರಿನ ‘ಆರ್.ಎಚ್.’ ಅಂದರೆ ಅದೇ ಪುನರ್ವಸತಿ ಎಂದು ನನಗೆ ಗೊತ್ತೇ ಇರಲಿಲ್ಲ. ಕಾಕಾ ನಾಮಶೂದ್ರರು. ಪಶ್ಚಿಮ ಬಂಗಾಳದಲ್ಲಿ ಅದು ಪರಿಶಿಷ್ಟ ಜಾತಿ, ಕರ್ನಾಟಕದ ಪಟ್ಟಿಯಲ್ಲಿ ಇಲ್ಲ.

‘ನನ್ನ ಮಗಳು ನಿನಗಿಂತ ಜಾಣೆ. ಸ್ಕಾಲರ್‌ಶಿಪ್ ಅರ್ಜಿಯಾಗ ಆ ಕಾಲಂ ಖಾಲಿ ಬಿಟ್ಟು ಬಂದ್ವಿ. ನೀನು ಇದನ್ನ ನೀರಿಗೆ ಹಾಕ್ತಿಯಾ?’

ಫೈಲು ಪರೀಕ್ಷೆಯ ತನಕ ಅವರ ಬಳಿಯೇ ಇತ್ತು.

ಪೂರಕ ಪರೀಕ್ಷೆಯಲ್ಲಿ 41 ಬಂತು. ಮೊದಲು ಹೇಳಿದ್ದು ಕಾಕಾಗೆ. ಕಟ್ಲಾ ತೂಗಿ ‘ಅಪ್ಪಗ ಒಯ್ಯಿ’ ಅಂದರು. ಅವರು ತಿನ್ನಲ್ಲ ಅಂದೆ.

‘ಹಂಗಾರ ಚಹಾಕ್ಕ ಕರ್ಕೊಂಡು ಬಾ.’

ಇನ್ನೂ ಕರೆದೊಯ್ದಿಲ್ಲ. ಈ ಭಾನುವಾರ ಕೇಳಬೇಕು.