ಪಿಕಪ್ ವಾಹನ: ಹೊರೆಗೆ ಯಾವುದು, ಹೊಳೆಗೆ ಯಾವುದು?

ಎತ್ತುಗಳನ್ನು ಕೊಳ್ಳುವಾಗ ನಮ್ಮ ಹಿರಿಯರು ಮೈಬಣ್ಣವನ್ನು ಮೆಚ್ಚುತ್ತಿದ್ದರೇನೋ ನಿಜ. ಆದರೆ ಹಣವನ್ನೆಣಿಸುವುದಕ್ಕೆ ಮೊದಲು ಹಲ್ಲನ್ನೂ ಗೊರಸನ್ನೂ ನೋಡಿ, ನೊಗಕ್ಕೆ ಹೂಡಿ ನಾಲ್ಕು ಹೆಜ್ಜೆ ನಡೆಸದೆ ಇರುತ್ತಿರಲಿಲ್ಲ. ಈಗ ಅನೇಕ ರೈತ ಕುಟುಂಬಗಳಲ್ಲಿ ಆ ಎತ್ತುಗಳ ಸ್ಥಾನಕ್ಕೆ ಪಿಕಪ್ ವಾಹನವು ಬಂದಿದೆ. ಅದಕ್ಕಾಗಿ ಮಾಡುವ ಸಾಲವು ವರ್ಷಗಟ್ಟಲೆ ಮನೆಯವರೆಲ್ಲರ ಊಟ ಬಟ್ಟೆಗಳನ್ನು ಮುಟ್ಟುವುದು. ಆದುದರಿಂದ ಈ ವಿಷಯವನ್ನು ಗಂಡಸರ ಹರಟೆಗೆ ಬಿಟ್ಟುಬಿಡದೆ ಮನೆಮಂದಿಯೆಲ್ಲರೂ ಕೂಡಿ ವಿಚಾರಮಾಡುವುದು ಮೇಲು.

ಸಕಲೇಶಪುರದ ಸೀಮೆಯಲ್ಲಿರುವ ನನ್ನ ಬಂಧುಗಳೊಬ್ಬರ ಮನೆಯಲ್ಲಿ ಇಂಥದೊಂದು ವ್ಯಾಜ್ಯವು ಹುಟ್ಟಿತ್ತು. ಅವರದು ಹನ್ನೆರಡು ಎಕರೆ ಕಾಫಿ ತೋಟ. ತಂದೆಗೆ ಮಹೀಂದ್ರಾ ಬೊಲೆರೊ ಪಿಕಪ್ಪೇ ಆಗಬೇಕು. ಮಗನಿಗೆ ಟೊಯೋಟಾ ಹೈಲಕ್ಸ್, ಅದಿಲ್ಲವಾದರೆ ಇಸುಜು ವಿ-ಕ್ರಾಸ್. ಒಂದೇ ಪಂಕ್ತಿಯಲ್ಲಿ ಉಣ್ಣಲು ಕುಳಿತರೂ ಇಬ್ಬರೂ ಮಾತನಾಡದಿರುವಷ್ಟರ ಮಟ್ಟಿಗೆ ಅದು ಬೆಳೆದಿತ್ತು. ನಾನು ಹೋದ ದಿನ ನನ್ನನ್ನೇ ಮಧ್ಯಸ್ಥನನ್ನಾಗಿ ಕೂರಿಸಿದರು.

ಮೊದಲು ಈ ವಾಹನಗಳ ಗುಣಾವಗುಣಗಳನ್ನು ನೋಡೋಣ. ಇವೆಲ್ಲವೂ ಡೀಸೆಲ್ ಎಂಜಿನ್ನಿನವು. ಏಣಿಯ ಆಕಾರದ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿದವು. ಹಿಂದಿನ ಅಚ್ಚಿಗೆ ಲೀಫ್ ಸ್ಪ್ರಿಂಗ್ ಎನ್ನುವ ಕಮಾನುಪಟ್ಟಿಗಳನ್ನು ಕೂಡಿಸಿಕೊಂಡವು. ಆದರೆ ಹೋಲಿಕೆಯು ಅಲ್ಲಿಗೇ ಮುಗಿಯುವುದು. ಹೈಲಕ್ಸ್ ಎಂಬುದು 1968ರಲ್ಲಿ ಜಪಾನಿನಲ್ಲಿ ಹುಟ್ಟಿದ ಹಳೆಯ ಹೆಸರು. ನಮ್ಮ ದೇಶದ ಮಾರುಕಟ್ಟೆಗೆ ಅದು ಬಂದದ್ದು 2022ರಲ್ಲಿ. ಜೋಡಣೆಯಾದದ್ದು ನಮ್ಮ ಬಿಡದಿಯಲ್ಲಿಯೇ. ಅದರ 2.8 ಲೀಟರ್ ಎಂಜಿನ್ನಿಗೆ 204 ಅಶ್ವಶಕ್ತಿ. 2016ರಲ್ಲಿ ಬಂದ ವಿ-ಕ್ರಾಸ್ ವಾಹನವು ಆಂಧ್ರದ ಶ್ರೀಸಿಟಿಯಲ್ಲಿ ತಯಾರಾಗುವುದು, ಅದರ 1.9 ಲೀಟರ್ ಎಂಜಿನ್ನಿಗೆ 163 ಅಶ್ವಶಕ್ತಿ. ಬೊಲೆರೊ ಪಿಕಪ್ಪಿನ ಎಂಜಿನ್ನಿಗಾದರೋ ಸುಮಾರು 75. ಅದರ ಎದುರಾಳಿಯಾದ ಟಾಟಾ ಯೋಧನಿಗೆ 100.

ಹಾಗಾದರೆ ಹೆಚ್ಚು ಹೊರೆಯನ್ನು ಹೊರುವುದು ಹೈಲಕ್ಸೇ ಇರಬೇಕಲ್ಲವೆ? ಹೊರಗಿನಿಂದ ನೋಡಿದವರಿಗೆ ಹಾಗೆಯೇ ತೋರುವುದು. ವಾಸ್ತವವು ಇದಕ್ಕೆ ತೀರ ವಿರುದ್ಧವಾಗಿದೆ. ಬೊಲೆರೊ ಪಿಕಪ್ಪಿನ ಒಂದು ಬಗೆಯು 1,700 ಕಿಲೋ ಹೊರಬಲ್ಲುದು, ಎಂದರೆ ಐವತ್ತು ಕಿಲೋದ ಮೂವತ್ತನಾಲ್ಕು ಮೂಟೆ. 2022ರಲ್ಲಿ ಬಂದ ಯೋಧ 2.0 ಎಂಬುದಕ್ಕೆ 2,000 ಕಿಲೋ. ಹೈಲಕ್ಸಿಗೆ ನಮ್ಮ ದೇಶದಲ್ಲಿ ವಿಧಿಸಿರುವ ಹೊರೆಯಾದರೋ ಅರ್ಧ ಟನ್ನನ್ನು ಮುಟ್ಟುವುದಿಲ್ಲ. ಹತ್ತು ಮೂಟೆಯೂ ಆಗದು. ಇನ್ನು ಬೆಲೆಯೋ, ಒಂದು ಹೈಲಕ್ಸಿನ ಹಣದಲ್ಲಿ ಎರಡು ಬೊಲೆರೊ ಪಿಕಪ್ಪುಗಳನ್ನು ಕೊಂಡರೂ ಇನ್ನಷ್ಟು ಉಳಿಯುವುದು.

ಇದಕ್ಕೆ ಕಾರಣವು ಗೂಢವಾದುದಲ್ಲ. ಅಶ್ವಶಕ್ತಿಯು ಮುಖ್ಯವಾಗಿ ವೇಗಕ್ಕೆ ಸಲ್ಲುವುದು. ಹೊರೆಯನ್ನು ತಾಳುವುದು ಕಮಾನುಪಟ್ಟಿ, ಅಚ್ಚು ಮತ್ತು ಟೈರುಗಳ ಕೆಲಸ. ಪಟ್ಟಿಗಳನ್ನು ಬಿಗಿಮಾಡಿದಷ್ಟೂ ಹೊರೆ ಹೆಚ್ಚು, ಸುಖ ಕಡಿಮೆ. ಸರಕು ತುಂಬಿದಾಗ ಹದವಾಗಿ ಸಾಗುವ ಗಾಡಿಯೇ ಬರಿದಾಗಿ ಹಿಂದಿರುಗುವಾಗ ಹಳ್ಳದಿಂದ ಹಳ್ಳಕ್ಕೆ ಕುಪ್ಪಳಿಸುವುದು ಇದರಿಂದಲೇ. ಹೈಲಕ್ಸ್, ವಿ-ಕ್ರಾಸ್‌ಗಳಲ್ಲಿ ಐವರು ಕುಳಿತು ದೂರದ ಪ್ರಯಾಣಮಾಡಬಹುದು; ಮುಂದಿನ ಚಕ್ರಗಳು ಸುರುಳಿ ಸ್ಪ್ರಿಂಗುಗಳ ಮೇಲೆ ಬೇರೆಬೇರೆಯಾಗಿ ಏರಿಳಿಯುವುದರಿಂದ ಮೈನೋವು ಅಷ್ಟಾಗಿ ಇರದು.

ಕೆಸರಿಗೆ ಬಂದಾಗ ಮಾತ್ರ ತಕ್ಕಡಿಯು ಮಗನ ಕಡೆಗೆ ಬಾಗುವುದು. ಸಾಮಾನ್ಯ ಪಿಕಪ್ಪಿನಲ್ಲಿ ಎಂಜಿನ್ನಿನ ಬಲವೆಲ್ಲವೂ ಹಿಂದಿನ ಚಕ್ರಗಳಿಗೆ. ಬರಿಯ ಗಾಡಿಯಲ್ಲಿ ಆ ಚಕ್ರಗಳ ಮೇಲೆ ಭಾರವಿರದು. ನೆಲದ ಹಿಡಿತ ತಪ್ಪಿ ಅವು ಬರಿದೇ ಸುತ್ತುವುವು. ನಾಲ್ಕು ಚಕ್ರಗಳಿಗೂ ಬಲವನ್ನು ಹಂಚಿ, ಕೆಳಗಣ ಗೇರಿನಲ್ಲಿ ನಿಧಾನವಾಗಿ ಎಳೆಯುವ ಏರ್ಪಾಡು ಹೈಲಕ್ಸಿನಲ್ಲಿ ಉಂಟು. ವಿ-ಕ್ರಾಸಿನಲ್ಲಿ ಆರಿಸಿಕೊಂಡ ಬಗೆಗೆ ಉಂಟು. ಒಂದು ಚಕ್ರವು ಕೆಸರಿನಲ್ಲಿ ಸುತ್ತುತ್ತಿರುವಾಗ ಅದರ ಜೊತೆಗಾರನು ಸುಮ್ಮನೆ ನಿಲ್ಲದಂತೆ ಎರಡನ್ನೂ ಬೆಸೆಯುವ ಬೀಗವೂ ಹೈಲಕ್ಸಿನ ಹಿಂದಿನ ಅಚ್ಚಿನಲ್ಲಿ ಇದೆ. 700 ಮಿಲಿಮೀಟರ್ ಆಳದ ನೀರನ್ನು, ಎಂದರೆ ಮೊಣಕಾಲಿನ ಮೇಲಿನ ನೀರನ್ನು, ಅದು ದಾಟಬಲ್ಲುದೆಂದು ತಯಾರಕರು ಹೇಳುವರು. ಅದು ನಿಂತ ನೀರಿನ ಮಾತು; ಮಳೆಗಾಲದ ಹೊಳೆಯ ಸೆಳೆತಕ್ಕೆ ಯಾವ ವಾಹನವೂ ದೊಡ್ಡದಲ್ಲ. ಬೊಲೆರೊ, ಯೋಧಗಳಲ್ಲಿಯೂ ನಾಲ್ಕು ಚಕ್ರದ ಚಾಲನೆಯ ಬಗೆಗಳು ಬಂದಿರುವುದುಂಟು.

ನಾನು ಇಷ್ಟನ್ನೂ ಹೇಳಿ ಮುಗಿಸಿದಾಗ ತಂದೆ ಮಕ್ಕಳಿಬ್ಬರೂ ತಾವೇ ಗೆದ್ದೆವೆಂದುಕೊಂಡರು. ಅಷ್ಟರಲ್ಲಿ ಗೃಹಿಣಿಯು ಒಳಗಿನಿಂದ ಲೆಕ್ಕದ ಪುಸ್ತಕವನ್ನು ತಂದಳು.

“ಹೋದ ವರ್ಷ ಬಾಡಿಗೆ ಗಾಡಿ ಕರೆಸಿದ್ದು ಅರುವತ್ತೊಂದು ಸಲ. ಎಲ್ಲವೂ ಗೊಬ್ಬರಕ್ಕೆ, ಕಾಫಿಗೆ, ಮೆಣಸಿಗೆ. ಕೆಸರಿನಲ್ಲಿ ಹೂತದ್ದು ಏಳು ಸಲ. ಏಳೂ ಸಲ ನಮ್ಮ ಗೇಟಿನಿಂದ ಈಚೆಯ ಎರಡು ಫರ್ಲಾಂಗಿನಲ್ಲಿಯೇ. ಆ ಎರಡು ಫರ್ಲಾಂಗಿಗೋಸ್ಕರ ಇಷ್ಟೊಂದು ಸಾಲವೇನಪ್ಪ?” ಎಂದು ಮಗನನ್ನು ಕೇಳಿದಳು.

ಮಗನು ತಲೆಬಾಗಿದನು. ತಂದೆಯು ಮೀಸೆಯಲ್ಲಿಯೇ ನಕ್ಕನು. ಆಕೆ ಅವನ ಕಡೆಗೂ ತಿರುಗಿದಳು.

“ನೀವೂ ನಗಬೇಡಿ. ಹಿಂದೆ ಆಳುಗಳನ್ನು ತುಂಬಿಕೊಂಡು ಬರುವುದಕ್ಕೆ ಅನುಕೂಲ ಅಂತ ತಾನೆ ನಿಮ್ಮ ಮನಸ್ಸು ಅದರ ಮೇಲೆ? ಅದು ಮೂಟೆಯ ಗಾಡಿ. ನಮ್ಮ ಮಗ ಕೂರಬಾರದ ಕಡೆ ಬೇರೆಯವರ ಮಕ್ಕಳೂ ಕೂರಬಾರದು.”

ಈ ಕೊನೆಯ ಮಾತೇ ಎಲ್ಲಕ್ಕಿಂತ ತೂಕದ್ದು. ಸರಕಿನ ತೊಟ್ಟಿಯಲ್ಲಿ ಜನರನ್ನು ಸಾಗಿಸುವುದು ಕಾನೂನಿಗೆ ವಿರುದ್ಧ. ಅಲ್ಲಿ ಹಿಡಿಯುವುದಕ್ಕೆ ಪಟ್ಟಿಯಿಲ್ಲ, ಕಾಯುವುದಕ್ಕೆ ಮಾಡಿಲ್ಲ. ಮಿತಿಮೀರಿದ ಹೊರೆಯೂ ಅಷ್ಟೇ ಘಾತಕ. ಘಟ್ಟವನ್ನು ಇಳಿಯುವಾಗ ಭಾರವನ್ನು ತಡೆಯುವ ಬ್ರೇಕುಗಳು ಕಾಯುವುವು. ಅತಿಯಾಗಿ ಕಾದ ಬ್ರೇಕು ಹಿಡಿಯದು. ವೇಗವು ಎರಡರಷ್ಟಾದರೆ ತಡೆಯಬೇಕಾದ ಚಲನಶಕ್ತಿಯು ನಾಲ್ಕರಷ್ಟಾಗುವುದು. ಆದುದರಿಂದ ಬಲ್ಲವರು ಇಳಿಜಾರಿನಲ್ಲಿ ಕೆಳಗಣ ಗೇರಿನಲ್ಲಿಯೇ ಸಾಗುವರು. 2019ರ ತಿದ್ದುಪಡಿಯಂತೆ ಅಧಿಕ ಹೊರೆಗೆ 20,000 ರೂಪಾಯಿ ದಂಡವೂ, ಮೇಲಣ ಪ್ರತಿಯೊಂದು ಟನ್ನಿಗೆ 2,000 ರೂಪಾಯಿಯೂ ಉಂಟು. ಹೋದ ಪ್ರಾಣದ ಮುಂದೆ ಅದೇನೂ ದೊಡ್ಡದಲ್ಲ.

ಹಾಗೆಂದು ಹೈಲಕ್ಸನ್ನು ಕೊಂಡವರೆಲ್ಲರೂ ದುಂದುಗಾರರೆಂದು ತಿಳಿಯಬಾರದು. ಮನೆಯು ಹಳ್ಳದಾಚೆಯ ಗುಡ್ಡದ ಮೇಲಿದ್ದು, ಮಕ್ಕಳ ಶಾಲೆಗೂ ರೋಗಿಯ ಆಸ್ಪತ್ರೆಗೂ ನಾಲ್ಕು ಮೂಟೆ ಗೊಬ್ಬರಕ್ಕೂ ಒಂದೇ ವಾಹನವಾಗಬೇಕಾದವರಿಗೆ ಅಂಥದೇ ತಕ್ಕುದು. ಹೊರೆಯ ದಿನಗಳು ಎಷ್ಟು, ಕೆಸರಿನ ದಿನಗಳು ಎಷ್ಟು, ಜನರ ದಿನಗಳು ಎಷ್ಟು ಎಂದು ಒಂದು ವರ್ಷದ ಲೆಕ್ಕವನ್ನು ಬರೆದಿಟ್ಟುಕೊಂಡರೆ ಉತ್ತರವು ತಾನಾಗಿಯೇ ಹೊರಡುವುದು.

ಆ ಮನೆಯವರು ಬೊಲೆರೊವನ್ನೇ ತಂದರು. ಉಳಿದ ಹಣದಲ್ಲಿ ಸ್ವಲ್ಪವನ್ನು ತೆಗೆದು ಆ ಎರಡು ಫರ್ಲಾಂಗಿಗೆ ಕಲ್ಲು ಹಾಸಿಸಿದರು. ಆಳುಗಳು ಈಗ ಬಾಡಿಗೆಯ ವ್ಯಾನಿನಲ್ಲಿ ಕುಳಿತು ಬರುವರು. ತಂದೆ ಮಕ್ಕಳು ಊಟದ ಹೊತ್ತಿನಲ್ಲಿ ಮಾತನಾಡುತ್ತಿರುವರೆಂದೂ ತಿಳಿದು ಸಂತೋಷವಾಯಿತು.